ಸಾಧಕರ ಬದುಕನ್ನು ಎಳೆಯ ಮಕ್ಕಳೊಂದಿಗೆ ಓದುವ ಬಗೆ: ಪೋಷಕರಿಗೂ ಶಿಕ್ಷಕರಿಗೂ ಒಂದು ಸಮಗ್ರ ಮಾರ್ಗದರ್ಶಿ

ಮೂರರಿಂದ ಎಂಟು ವರ್ಷದೊಳಗಿನ ಮಕ್ಕಳಿಗೆ ಇತಿಹಾಸದ ಸಾಧಕರನ್ನು ಪರಿಚಯಿಸಲು ಹೊರಟ ಹಿರಿಯರು ಬಹುಮಟ್ಟಿಗೆ ವಿಶೇಷಣಗಳಿಂದಲೇ ಆರಂಭಿಸುತ್ತಾರೆ. ‘ಇವರು ಮಹಾನ್ ವಿಜ್ಞಾನಿ’, ‘ಇವರು ಧೀರ ಮಹಿಳೆ’, ‘ನೀನೂ ಇವರಂತೆ ಆಗಬೇಕು’ ಎಂಬ ಮಾತುಗಳು ಪುಸ್ತಕ ತೆರೆಯುವ ಮೊದಲೇ ಮಗುವಿನ ಕಿವಿಗೆ ಬಿದ್ದಿರುತ್ತವೆ. ಐದು ವರ್ಷದ ಮಗುವಿಗೆ ‘ಮಹಾನ್’ ಎಂಬ ಮಾತಿನಲ್ಲಿ ಹಿಡಿದುಕೊಳ್ಳಲು ಏನೂ ಸಿಗುವುದಿಲ್ಲ. ಅದೇ ಮಗುವಿಗೆ, ಮೂರು ವರ್ಷದ ಹುಡುಗನೊಬ್ಬ ಅಪ್ಪನ ಕಾರ್ಯಾಗಾರದಲ್ಲಿ ಚರ್ಮ ಚುಚ್ಚುವ ದಬ್ಬಣ ಹಿಡಿದು ಆಡುತ್ತಿದ್ದಾಗ ಅದು ಜಾರಿ ಕಣ್ಣಿಗೆ ತಗುಲಿತು ಎಂದು ಓದಿ ಹೇಳಿದರೆ, ಅದು ಕೂಡಲೇ ತನ್ನ ಕಣ್ಣಿನ ಮೇಲೆ ಕೈಯಿಟ್ಟುಕೊಂಡು ‘ಆಮೇಲೆ?’ ಎಂದು ಕೇಳುತ್ತದೆ.

ಮುಂದೆ ವಿವರಿಸಿರುವ ಹಂತಗಳೆಲ್ಲವೂ ಆ ‘ಆಮೇಲೆ’ಯನ್ನು ಕಾಪಾಡಿಕೊಳ್ಳುವುದಕ್ಕೆ ಸಂಬಂಧಿಸಿದವು. ವ್ಯಕ್ತಿ ಎಷ್ಟು ದೊಡ್ಡವರು ಎಂಬ ಮಾತನ್ನು ಬದಿಗಿಟ್ಟು, ಒಂದು ದಿನ ಅವರಿಗೆ ಎದುರಾದ ತೊಡಕು ಯಾವುದು, ಆಗ ಅವರು ಕೈಯಾರೆ ಮಾಡಿದ್ದೇನು ಎಂಬುದನ್ನು ಮಗುವಿನ ಪಕ್ಕದಲ್ಲಿ ಕೂತು ನೋಡುವುದೇ ಇಲ್ಲಿಯ ವಿಧಾನ.

ಹಂತ 1: ವ್ಯಕ್ತಿಯನ್ನೂ, ಅವರ ಬದುಕಿನ ಒಂದು ಭಾಗವನ್ನೂ ಆರಿಸುವುದು

ಎಳೆಯ ಮಕ್ಕಳಿಗೆ ಹೊಂದುವವರು ಯಾರು ಎಂದು ಯೋಚಿಸುವಾಗ ಎರಡು ಪ್ರಶ್ನೆಗಳು ಸಾಕು. ಆ ವ್ಯಕ್ತಿ ಮಾಡಿದ ಕೆಲಸವನ್ನು ಚಿತ್ರದಲ್ಲಿ ತೋರಿಸಲು ಸಾಧ್ಯವೇ? ಅವರಿಗೆ ಎದುರಾದ ಅಡ್ಡಿಯನ್ನು ಒಂದು ವಾಕ್ಯದಲ್ಲಿ ಹೇಳಲು ಸಾಧ್ಯವೇ? ಇಂಗ್ಲೆಂಡಿನ ಲೈಮ್ ರೀಜಿಸ್‌ನ ಕಡಲ ದಂಡೆಯಲ್ಲಿ ಬಂಡೆ ಒಡೆದು ಪಳೆಯುಳಿಕೆ ಹುಡುಕುತ್ತಿದ್ದ ಮೇರಿ ಆ್ಯನಿಂಗ್ (1799–1847) ಈ ಎರಡೂ ಪ್ರಶ್ನೆಗಳಿಗೆ ಉತ್ತರವಾಗುತ್ತಾರೆ. ಪುಣೆಯಲ್ಲಿ 1848ರಲ್ಲಿ ಹೆಣ್ಣುಮಕ್ಕಳಿಗಾಗಿ ಶಾಲೆ ತೆರೆದ ಸಾವಿತ್ರಿಬಾಯಿ ಫುಲೆ, ಕೆನ್ಯಾದಲ್ಲಿ ಮರ ನೆಡುವ ಚಳವಳಿ ಕಟ್ಟಿದ ವಂಗಾರಿ ಮಾತಾಯ್, ಬೆರಳಿನಿಂದ ಓದುವ ಲಿಪಿ ರೂಪಿಸಿದ ಲೂಯಿ ಬ್ರೈಲ್ (ಮೇಲೆ ಹೇಳಿದ ದಬ್ಬಣದ ಹುಡುಗ ಇವರೇ) ಕೂಡ ಹಾಗೆಯೇ. ಶಾಲೆ, ಗಿಡ, ಚುಕ್ಕಿ, ಕಲ್ಲು ಇವೆಲ್ಲ ಮಗು ಈಗಾಗಲೇ ಬಲ್ಲ ವಸ್ತುಗಳು.

ಹಾಗೆಂದು ಉಳಿದವರು ನಿಷಿದ್ಧರಲ್ಲ. ಕಷ್ಟವಿರುವುದು ಹಲವು ಬಾರಿ ವ್ಯಕ್ತಿಯಲ್ಲಿ ಅಲ್ಲ, ನಾವು ಆರಿಸಿಕೊಳ್ಳುವ ಭಾಗದಲ್ಲಿ. ಸಂವಿಧಾನ ರಚನೆ ಎಂದರೇನು ಎಂದು ಆರು ವರ್ಷದ ಮಗುವಿಗೆ ವಿವರಿಸುವುದು ವ್ಯರ್ಥ ಪ್ರಯಾಸ. ಆದರೆ ಭೀಮರಾವ್ ಎಂಬ ಹುಡುಗ ತರಗತಿಯ ಮೂಲೆಯಲ್ಲಿ ಮನೆಯಿಂದ ತಂದ ಗೋಣಿತಾಟಿನ ಮೇಲೆ ಬೇರೆಯಾಗಿ ಕೂರಬೇಕಿತ್ತು, ನಲ್ಲಿಯನ್ನು ಮುಟ್ಟುವಂತಿರಲಿಲ್ಲ, ಶಾಲೆಯ ಜವಾನ ಬಂದು ನಲ್ಲಿ ತಿರುಗಿಸದಿದ್ದರೆ ಆ ದಿನ ಬಾಯಾರಿಕೆಯಲ್ಲೇ ಇರಬೇಕಿತ್ತು ಎಂಬುದನ್ನು ಶಾಲೆಗೆ ಹೋಗುವ ಯಾವ ಮಗುವೂ ಅರ್ಥಮಾಡಿಕೊಳ್ಳುತ್ತದೆ. ಅಂಬೇಡ್ಕರ್ ಅವರೇ ಬರೆದಿಟ್ಟ ನೆನಪು ಇದು. ಬದುಕಿಡೀ ಹೇಳುವ ಆಸೆಯನ್ನು ಬಿಟ್ಟು ಇಂತಹ ಒಂದು ಭಾಗವನ್ನು ಹಿಡಿದರೆ, ಸಂವಿಧಾನದ ಮಾತು ಹತ್ತು ವರ್ಷದ ನಂತರ ಬಂದಾಗ ಅದಕ್ಕೊಂದು ನೆಲೆ ಸಿದ್ಧವಾಗಿರುತ್ತದೆ.

ವರ್ಷವಿಡೀ ಆರಿಸುವವರ ಪಟ್ಟಿಯನ್ನು ಆಗಾಗ ತಿರುಗಿ ನೋಡುವುದೂ ಅಗತ್ಯ. ನಮಗೆ ಅರಿವಿಲ್ಲದೆಯೇ ಪಟ್ಟಿ ರಾಜರಿಂದಲೋ ವಿಜ್ಞಾನಿಗಳಿಂದಲೋ ಗಂಡಸರಿಂದಲೋ ತುಂಬಿಹೋಗುವುದುಂಟು.

ಹಂತ 2: ಪುಸ್ತಕವನ್ನು ಮೊದಲು ಒಬ್ಬರೇ ಓದುವುದು

ಮಗುವಿನ ಮುಂದೆ ಇಡುವ ಮೊದಲು ಪುಸ್ತಕವನ್ನು ಪೂರ್ತಿಯಾಗಿ, ಸಾಧ್ಯವಾದರೆ ಗಟ್ಟಿಯಾಗಿ, ಓದಿಕೊಳ್ಳಬೇಕು. ಯಾವ ಪುಟದಲ್ಲಿ ನಿಲ್ಲಬೇಕು, ಯಾವ ಪದ ತೊಡರುತ್ತದೆ, ಯಾವ ಚಿತ್ರ ಮಗುವನ್ನು ಹೆದರಿಸಬಹುದು ಎಂಬುದು ಆಗಲೇ ತಿಳಿಯುತ್ತದೆ. ಅದಕ್ಕಿಂತ ಮುಖ್ಯವಾದ ಇನ್ನೊಂದು ಕೆಲಸವೂ ಈ ಹಂತದಲ್ಲಿದೆ: ಪುಸ್ತಕದಲ್ಲಿ ನಿಜವೆಷ್ಟು, ಕಟ್ಟುಕಥೆಯೆಷ್ಟು ಎಂದು ಜಾಲಾಡುವುದು.

ಮಕ್ಕಳ ಜೀವನಚರಿತ್ರೆಗಳಲ್ಲಿ ದಂತಕಥೆಗಳು ಧಾರಾಳವಾಗಿ ಸೇರಿಕೊಂಡಿವೆ. ಜಾರ್ಜ್ ವಾಷಿಂಗ್ಟನ್ ಬಾಲ್ಯದಲ್ಲಿ ಚೆರ್ರಿ ಮರಕ್ಕೆ ಕೊಡಲಿ ಹಾಕಿ ‘ನಾನು ಸುಳ್ಳು ಹೇಳಲಾರೆ’ ಎಂದು ಅಪ್ಪನ ಮುಂದೆ ಒಪ್ಪಿಕೊಂಡ ಕಥೆ ಮೇಸನ್ ವೀಮ್ಸ್ ಎಂಬ ಲೇಖಕ ಬರೆದದ್ದು. ಅದು ವಾಷಿಂಗ್ಟನ್ ತೀರಿಕೊಂಡ ಕೆಲವು ವರ್ಷಗಳ ನಂತರ, 1806ರಲ್ಲಿ ಅಚ್ಚಾಯಿತು. ಅದಕ್ಕೆ ಆಧಾರವಿಲ್ಲವೆಂಬುದೇ ಇತಿಹಾಸಕಾರರ ಅಭಿಪ್ರಾಯ. ಪ್ರಾಮಾಣಿಕತೆಯನ್ನು ಕಲಿಸಲು ಹೊರಟವರು ಇದನ್ನೇ ಎತ್ತಿಕೊಳ್ಳುವುದು ವಿಚಿತ್ರವಾದರೂ ನಡೆದುಕೊಂಡು ಬಂದಿದೆ. ನ್ಯೂಟನ್ ಸೇಬು ಬೀಳುವುದನ್ನು ಕಂಡು ಯೋಚನೆಗೆ ತೊಡಗಿದ್ದನ್ನು ಸ್ವತಃ ಹೇಳಿಕೊಂಡಿದ್ದರು. ಅದು ತಲೆಯ ಮೇಲೆಯೇ ಬಿತ್ತು ಎಂಬುದು ಮಾತ್ರ ಚಿತ್ರಕಾರರ ಉಡುಗೊರೆ.

ಇದು ಪಂಡಿತರ ಹಟವೆಂದು ತೋರಬಹುದು. ಆದರೆ ಮಕ್ಕಳ ಮನೋವಿಜ್ಞಾನದ ಸಂಶೋಧಕರಾದ ಕ್ಯಾಥ್ಲೀನ್ ಕೊರಿವೊ, ಪಾಲ್ ಹ್ಯಾರಿಸ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇಲ್ಲಿ ಉಪಯೋಗಕ್ಕೆ ಬರುತ್ತದೆ. ತಮಗೆ ಪರಿಚಯವಿಲ್ಲದ ವ್ಯಕ್ತಿಯ ಕಥೆ ಕೇಳಿದಾಗ ಐದು ವರ್ಷ ದಾಟಿದ ಮಕ್ಕಳು ಕಥೆಯಲ್ಲಿ ಅಸಂಭವವಾದದ್ದು ನಡೆಯುತ್ತದೆಯೇ ಎಂಬುದನ್ನು ಗಮನಿಸಿ, ಆ ವ್ಯಕ್ತಿ ನಿಜವಾಗಿ ಬದುಕಿದ್ದವರೋ ಕಲ್ಪಿತರೋ ಎಂದು ತೀರ್ಮಾನಿಸುತ್ತಾರೆ. ಮೂರು-ನಾಲ್ಕು ವರ್ಷದವರಲ್ಲಿ ಈ ವಿವೇಚನೆ ಇನ್ನೂ ಗಟ್ಟಿಯಾಗಿರುವುದಿಲ್ಲ. ಆದ್ದರಿಂದ ಸಾಧಕರ ಬದುಕಿಗೆ ಪವಾಡದ ಮೆರುಗು ಹಚ್ಚಿದಷ್ಟೂ ದೊಡ್ಡ ಮಗು ಅವರನ್ನು ರಾಕ್ಷಸ, ಮಾಂತ್ರಿಕರ ಸಾಲಿಗೆ ಸೇರಿಸುವ ಸಂಭವ ಹೆಚ್ಚು. ಪುಟ್ಟ ಮಗುವಿಗಂತೂ ‘ಇವರು ನಿಜವಾಗಿ ಇದ್ದರು’ ಎಂದು ನಾವೇ ಬಾಯಿಬಿಟ್ಟು ಹೇಳಬೇಕು. ಛಾಯಾಚಿತ್ರವೋ ಕೈಬರಹದ ಪ್ರತಿಯೋ ಇದ್ದರೆ ತೋರಿಸಬೇಕು.

ಸಂಭಾಷಣೆಗಳನ್ನು ಲೇಖಕರು ಕಲ್ಪಿಸಿಕೊಂಡಿರುವುದು ಸಾಮಾನ್ಯ, ಅದು ದೋಷವೂ ಅಲ್ಲ. ಓದುವಾಗ ‘ಹೀಗೆ ಹೇಳಿರಬಹುದು’ ಎಂದು ಒಂದು ಮಾತು ಸೇರಿಸಿದರಾಯಿತು.

ಹಂತ 3: ಕಾಲವನ್ನೂ ಸ್ಥಳವನ್ನೂ ಕಣ್ಣಿಗೆ ಕಾಣುವಂತೆ ಮಾಡುವುದು

ಇಸವಿಗಳು ಹಿರಿಯರ ಅನುಕೂಲಕ್ಕೆ ಇರುವಂಥವು. ‘1809ರಲ್ಲಿ’ ಎಂದರೂ ‘ಹೋದ ವರ್ಷ’ ಎಂದರೂ ನಾಲ್ಕು ವರ್ಷದ ಮಗುವಿಗೆ ಹೆಚ್ಚಿನ ವ್ಯತ್ಯಾಸವಿಲ್ಲ. ಉದ್ದನೆಯ ಹಗ್ಗವೊಂದನ್ನು ತೆಗೆದುಕೊಂಡು ಒಂದು ತುದಿಯಲ್ಲಿ ಮಗುವಿನ ಹೆಸರಿನ ಚೀಟಿ ಕಟ್ಟಿ, ನಂತರ ಒಂದೊಂದು ಪೀಳಿಗೆಗೆ ಒಂದೊಂದು ಗಂಟು ಹಾಕುತ್ತಾ ಹೋಗುವುದು ಸರಳ ಉಪಾಯ: ಅಮ್ಮ, ಅಜ್ಜಿ, ಅಜ್ಜಿಯ ಅಮ್ಮ, ಅವರ ಅಮ್ಮ. ಪೀಳಿಗೆಗೆ ಸುಮಾರು 27 ವರ್ಷವೆಂದು ಹಿಡಿದರೆ ಲೂಯಿ ಬ್ರೈಲ್ ಹುಟ್ಟಿದ ಕಾಲಕ್ಕೆ ತಲುಪಲು ಎಂಟು ಗಂಟುಗಳು ಬೇಕು. ಅದೇ ಹಗ್ಗದ ಮೇಲೆ ಮುಂದೆ ಓದುವ ಪ್ರತಿಯೊಬ್ಬರ ಹೆಸರನ್ನೂ ಸೇರಿಸುತ್ತಾ ಬಂದರೆ ಯಾರು ಮೊದಲು, ಯಾರು ಆಮೇಲೆ ಎಂಬುದು ಯಾವ ಪಾಠವೂ ಇಲ್ಲದೆ ಮನದಟ್ಟಾಗುತ್ತದೆ.

ಜೊತೆಗೆ ಆ ಕಾಲದಲ್ಲಿ ಏನೇನು ಇರಲಿಲ್ಲ ಎಂಬುದನ್ನು ಎರಡು ಮಾತಿನಲ್ಲಿ ಹೇಳಬೇಕು. ವಿದ್ಯುತ್ ದೀಪವಿರಲಿಲ್ಲ, ಫೋನ್ ಇರಲಿಲ್ಲ, ಕಣ್ಣಿನ ಸೋಂಕಿಗೆ ಔಷಧವಿರಲಿಲ್ಲ. ಈ ಕೊನೆಯ ಮಾತು ಹೇಳದೇ ಹೋದರೆ ‘ಡಾಕ್ಟರ್ ಹತ್ತಿರ ಯಾಕೆ ಹೋಗಲಿಲ್ಲ?’ ಎಂಬ ಪ್ರಶ್ನೆಯಲ್ಲೇ ಓದು ನಿಂತುಬಿಡುತ್ತದೆ. ಸ್ಥಳಕ್ಕೆ ಒಂದು ಭೂಪಟ, ಅದರ ಮೇಲೆ ಒಂದು ಬೆರಳು ಸಾಕು.

ಹಂತ 4: ಓದುವುದು, ನಿಲ್ಲುವುದು, ಕೇಳಿಸಿಕೊಳ್ಳುವುದು

ಈ ಇಡೀ ಕೆಲಸದ ತಿರುಳು ಇಲ್ಲಿದೆ. 1988ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಮನೋವಿಜ್ಞಾನಿ ಗ್ರೋವರ್ ವೈಟ್‌ಹರ್ಸ್ಟ್ ಮತ್ತು ಸಹೋದ್ಯೋಗಿಗಳು ಎರಡು-ಮೂರು ವರ್ಷದ ಮಕ್ಕಳ ಪೋಷಕರಿಗೆ ಚಿತ್ರಪುಸ್ತಕ ಓದುವ ರೀತಿಯನ್ನು ಬದಲಿಸಿಕೊಳ್ಳಲು ತರಬೇತಿ ಕೊಟ್ಟರು. ಹೌದು-ಇಲ್ಲ ಎಂದು ಉತ್ತರಿಸಿ ಮುಗಿಸಲಾಗದ ಪ್ರಶ್ನೆಗಳನ್ನು ಕೇಳುವುದು, ಮಗು ಹೇಳಿದ್ದಕ್ಕೆ ಇನ್ನಷ್ಟು ಸೇರಿಸಿ ಹಿಂದಿರುಗಿಸುವುದು, ಮಗುವೇ ಹೆಚ್ಚು ಮಾತಾಡುವಂತೆ ನೋಡಿಕೊಳ್ಳುವುದು ಅದರ ಸಾರ. ಒಂದು ತಿಂಗಳ ನಂತರ ಆ ಮಕ್ಕಳು ಮಾತಿನ ಅಭಿವ್ಯಕ್ತಿಯಲ್ಲಿ ಮಾಮೂಲಿಯಾಗಿ ಓದಿಸಿಕೊಂಡ ಮಕ್ಕಳಿಗಿಂತ ಮುಂದಿದ್ದರು. ಸಂವಾದದ ಓದು ಎಂದು ಕರೆಯಬಹುದಾದ ಈ ಕ್ರಮ ಜೀವನಚರಿತ್ರೆಗೆ ಬಹಳ ಚೆನ್ನಾಗಿ ಒಗ್ಗುತ್ತದೆ, ಏಕೆಂದರೆ ಇಂತಹ ಪುಸ್ತಕಗಳಲ್ಲಿ ‘ಈಗ ಇವರು ಏನು ಮಾಡಬಹುದು?’ ಎಂದು ಕೇಳಬಹುದಾದ ತಿರುವುಗಳು ತಾವಾಗಿಯೇ ಬರುತ್ತವೆ.

ಮೊದಲ ಓದಿನಲ್ಲಿ ಹೆಚ್ಚು ತಡೆಯಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಮಗುವಿಗೆ ಕಥೆ ಎಲ್ಲಿಗೆ ಹೋಗುತ್ತದೆ ಎಂದು ತಿಳಿಯುವ ಹಕ್ಕಿದೆ. ಪುಟಕ್ಕೊಂದು ಪ್ರಶ್ನೆ ಹಾಕಿದರೆ ಪುಸ್ತಕ ಪರೀಕ್ಷೆಯಾಗುತ್ತದೆ. ಎರಡನೆಯ ಓದಿನಲ್ಲಿ ಮೂರು ಅಥವಾ ನಾಲ್ಕು ಕಡೆ ನಿಲ್ಲಬಹುದು. ಮೂರನೆಯ ಓದಿನ ಹೊತ್ತಿಗೆ ಚಿತ್ರ ನೋಡಿ ಮಗುವೇ ಕಥೆ ಹೇಳಲಿ, ನಾವು ಪುಟ ತಿರುಗಿಸೋಣ.

ನಿಲ್ಲುವುದು ಹೇಗೆ ಎಂಬುದನ್ನು ಬ್ರೈಲ್ ಅವರ ಬದುಕಿನಿಂದಲೇ ತೋರಿಸಬಹುದು. ಫ್ರಾನ್ಸಿನ ಕೂಪ್‌ವ್ರೇ ಊರಿನಲ್ಲಿ 1809ರಲ್ಲಿ ಹುಟ್ಟಿದ ಲೂಯಿ ಒಂದು ಕಣ್ಣಿಗೆ ಆದ ಗಾಯದ ಸೋಂಕು ಇನ್ನೊಂದು ಕಣ್ಣಿಗೂ ಹರಡಿ ಐದರ ಪ್ರಾಯದ ಹೊತ್ತಿಗೆ ಪೂರ್ತಿ ದೃಷ್ಟಿ ಕಳೆದುಕೊಂಡ. ಹತ್ತನೆಯ ವಯಸ್ಸಿನಲ್ಲಿ ಪ್ಯಾರಿಸ್ಸಿನ ಅಂಧ ಮಕ್ಕಳ ಶಾಲೆ ಸೇರಿದ. ಶಾರ್ಲ್ ಬಾರ್ಬಿಯೆ ಎಂಬ ಸೇನಾಧಿಕಾರಿ ರೂಪಿಸಿದ್ದ 12 ಉಬ್ಬುಚುಕ್ಕಿಗಳ ಬರಹ ಆ ಶಾಲೆಗೆ ಬಂತು. ಅದನ್ನು ಮುಟ್ಟಿ ನೋಡುತ್ತಿರುವ ಹುಡುಗನ ಚಿತ್ರವಿರುವ ಪುಟದಲ್ಲಿ ಮಾತು ಹೀಗೆ ಸಾಗಬಹುದು.

‘ಲೂಯಿ ಇಲ್ಲಿ ಏನು ಮಾಡ್ತಾ ಇದ್ದಾನೆ?’

‘ಮುಟ್ತಾ ಇದ್ದಾನೆ.’

‘ಹೌದು, ಬೆರಳಿನ ತುದಿಯಿಂದ ಚುಕ್ಕಿಗಳನ್ನು ಮುಟ್ತಾ ಇದ್ದಾನೆ. ಅಷ್ಟೂ ಚುಕ್ಕಿ ಒಂದೇ ಬೆರಳಿಗೆ ಸಿಗುತ್ತಾ?’

‘ಇಲ್ಲ, ತುಂಬಾ ಇದೆ.’

‘ತುಂಬಾ ಇದೆ, ಬೆರಳು ಮೇಲೆ ಕೆಳಗೆ ಓಡಾಡಬೇಕು. ಹಾಗಾದರೆ ಅವನು ಈಗ ಏನು ಮಾಡಬಹುದು?’

‘ದೊಡ್ಡ ಬೆರಳು ಬೇಕು.’

ಈ ಉತ್ತರಕ್ಕೆ ನಕ್ಕು ಮುಂದೆ ಹೋಗಬಾರದು, ಏಕೆಂದರೆ ಇದು ಸರಿಯಾದ ಸಮಸ್ಯೆಯನ್ನೇ ಹಿಡಿದಿದೆ. ‘ಬೆರಳು ದೊಡ್ಡದಾಗಲ್ಲ. ಬೇರೆ ಏನನ್ನು ಚಿಕ್ಕದು ಮಾಡಬಹುದು?’ ಎಂದು ಕೇಳಿ ಕಾಯಬೇಕು. ಕಾಯುವುದು ಎಂದರೆ ನಿಜವಾಗಿಯೂ ಬಾಯಿ ಮುಚ್ಚಿಕೊಂಡಿರುವುದು. ಹಿರಿಯರಿಗೆ ಈ ಇಡೀ ಮಾರ್ಗದರ್ಶಿಯಲ್ಲಿ ಅತಿ ಕಷ್ಟದ ಭಾಗ ಇದೇ. ಉತ್ತರ ಬಂದರೂ ಬಾರದಿದ್ದರೂ ಪುಟ ತಿರುಗಿಸಿದಾಗ 15 ವರ್ಷದ ಲೂಯಿ 12 ಚುಕ್ಕಿಗಳನ್ನು ಆರಕ್ಕೆ ಇಳಿಸಿದ್ದು ಕಾಣುತ್ತದೆ. ಆಗ ಮಗು ಅದನ್ನು ಮಹಾಪುರುಷನೊಬ್ಬನ ಪ್ರತಿಭೆಯೆಂದು ನೋಡುವುದಿಲ್ಲ. ತಾನೂ ಒಂದು ನಿಮಿಷ ತಲೆ ಕೆಡಿಸಿಕೊಂಡಿದ್ದ ತೊಡಕಿಗೆ ಸಿಕ್ಕ ಪರಿಹಾರವೆಂದು ನೋಡುತ್ತದೆ.

ತಪ್ಪಿಸಬೇಕಾದ ಪ್ರಶ್ನೆಗಳೂ ಇವೆ. ‘ಯಾವ ವರ್ಷ ಹುಟ್ಟಿದರು?’ ಎಂಬುದು ನೆನಪಿನ ಪರೀಕ್ಷೆ. ‘ಇದರಿಂದ ನೀನು ಏನು ಕಲಿತೆ?’ ಎಂಬುದು ಇನ್ನೂ ಕೆಟ್ಟದ್ದು, ಏಕೆಂದರೆ ಮಗು ಕಥೆಯಿಂದ ಕಣ್ಣು ತೆಗೆದು ನಮಗೆ ಬೇಕಾದ ಉತ್ತರ ಯಾವುದೆಂದು ನಮ್ಮ ಮುಖದಲ್ಲಿ ಹುಡುಕಲು ತೊಡಗುತ್ತದೆ.

ಹಂತ 5: ಸಾವು, ಅನ್ಯಾಯ ಮತ್ತು ಜೊತೆಯಲ್ಲಿದ್ದವರು

ಸಾವಿತ್ರಿಬಾಯಿ ಪಾಠ ಮಾಡಲು ಹೋಗುವಾಗ ಜನ ಅವರ ಮೇಲೆ ಕೆಸರು, ಸಗಣಿ ಎಸೆಯುತ್ತಿದ್ದರು, ಅದಕ್ಕಾಗಿ ಅವರು ಇನ್ನೊಂದು ಸೀರೆಯನ್ನು ಜೊತೆಗೆ ಒಯ್ಯುತ್ತಿದ್ದರು ಎಂಬ ಪ್ರಸಂಗ ಬಂದಾಗ ‘ಯಾಕೆ ಎಸೆದರು?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಉತ್ತರ ನೇರವಾಗಿರಲಿ: ಹೆಣ್ಣುಮಕ್ಕಳು ಓದಬಾರದು ಎಂದು ಆಗ ಬಹಳ ಜನ ನಂಬಿದ್ದರು, ಅದು ತಪ್ಪಾಗಿತ್ತು, ಸಾವಿತ್ರಿಬಾಯಿ ಸೀರೆ ಬದಲಿಸಿಕೊಂಡು ಪಾಠ ಮುಂದುವರಿಸಿದರು. ಏನಾಯಿತು, ಅದು ಸರಿಯೋ ತಪ್ಪೋ, ಆ ವ್ಯಕ್ತಿ ಏನು ಮಾಡಿದರು ಎಂಬ ಮೂರು ಮಾತುಗಳಷ್ಟೇ ಉತ್ತರದಲ್ಲಿರಬೇಕು. ಮಗು ಮತ್ತೆ ಕೇಳಿದರೆ ಮತ್ತಷ್ಟು ಹೇಳಬಹುದು, ಕೇಳದಿದ್ದರೆ ಅಲ್ಲಿಗೆ ನಿಲ್ಲಿಸಬಹುದು.

ಸಾವಿನ ಬಗ್ಗೆಯೂ ಮುಚ್ಚುಮರೆ ಬೇಡ. ಹಳೆಯ ಕಾಲದವರ ಕಥೆ ಓದಿದಾಗ ‘ಈಗ ಎಲ್ಲಿದ್ದಾರೆ?’ ಎಂದು ಮಕ್ಕಳು ಕೇಳುತ್ತಾರೆ. ‘ತೀರಿಕೊಂಡರು’ ಎಂಬ ಸರಳ ಉತ್ತರವನ್ನು ಅವರು ನಾವೆಣಿಸಿದ್ದಕ್ಕಿಂತ ಸಮಾಧಾನವಾಗಿ ತೆಗೆದುಕೊಳ್ಳುತ್ತಾರೆ. ‘ಮಲಗಿದ್ದಾರೆ’ ಎಂಬ ಮರೆಮಾತು ಮಲಗುವ ಹೊತ್ತಿನಲ್ಲಿ ಭಯ ಹುಟ್ಟಿಸಬಹುದು. ಬ್ರೈಲ್ ಲಿಪಿಯನ್ನು ಅವರ ಶಾಲೆ ಅಧಿಕೃತವಾಗಿ ಒಪ್ಪಿಕೊಂಡದ್ದು 1854ರಲ್ಲಿ, ಅವರು ತೀರಿಕೊಂಡ ಎರಡು ವರ್ಷಗಳ ನಂತರ. ಏಳು-ಎಂಟು ವರ್ಷದ ಮಕ್ಕಳು ಇದನ್ನು ಕೇಳಿ ‘ಅದು ಸರಿಯಲ್ಲ’ ಎಂದು ಸಿಟ್ಟಾಗುತ್ತಾರೆ. ಸಿಟ್ಟಾಗಲಿ. ಎಲ್ಲ ಕಥೆಗಳೂ ಸನ್ಮಾನ ಸಮಾರಂಭದಲ್ಲಿ ಮುಗಿಯುವುದಿಲ್ಲ ಎಂದು ತಿಳಿಯಲು ಅದು ತಕ್ಕ ವಯಸ್ಸು.

ಇನ್ನೊಂದು ವಿಷಯದಲ್ಲಿ ಪುಸ್ತಕಗಳನ್ನು ನಾವು ತಿದ್ದಿಕೊಂಡು ಓದಬೇಕಾಗುತ್ತದೆ. ಚಿತ್ರಪುಸ್ತಕಗಳಿಗೆ ಒಂಟಿ ನಾಯಕರ ಮೋಹ ಹೆಚ್ಚು. ಅಮೆರಿಕದ ಮಾಂಟ್ಗೊಮರಿಯಲ್ಲಿ 1955ರ ಡಿಸೆಂಬರ್ 1ರಂದು ಕಪ್ಪುವರ್ಣೀಯ ಮಹಿಳೆ ರೋಸಾ ಪಾರ್ಕ್ಸ್ ಬಸ್ಸಿನಲ್ಲಿ ಬಿಳಿಯರಿಗಾಗಿ ಸೀಟು ಬಿಟ್ಟುಕೊಡಲಿಲ್ಲ ಎಂಬುದನ್ನು, ದಣಿದ ಹೊಲಿಗೆಯಾಕೆಯೊಬ್ಬರು ಅಂದು ಏಳಲಾರದೆ ಕೂತರು ಎಂಬಂತೆ ಹೇಳುವ ರೂಢಿಯಿದೆ. ಆಗ ಅವರಿಗೆ 42 ವರ್ಷ, ನಾಗರಿಕ ಹಕ್ಕುಗಳ ಸಂಘಟನೆಯ ಸ್ಥಳೀಯ ಶಾಖೆಯಲ್ಲಿ ಕಾರ್ಯದರ್ಶಿಯಾಗಿ ವರ್ಷಗಳ ಕಾಲ ದುಡಿದಿದ್ದವರು. ಅವರ ಬಂಧನದ ನಂತರ ಸಾವಿರಾರು ಜನ 381 ದಿನ ಬಸ್ಸು ಹತ್ತದೆ ನಡೆದರು. ಮಕ್ಕಳಿಗೆ ‘381 ದಿನ ನಡೆದರು’ ಎಂಬುದು ಕೂತದ್ದಕ್ಕಿಂತ ಹೆಚ್ಚು ರೋಚಕ. ಅದೇ ರೀತಿ ಸಾವಿತ್ರಿಬಾಯಿಯವರೊಂದಿಗೆ ಪತಿ ಜೋತಿರಾವ್ ಮತ್ತು ಸಹಶಿಕ್ಷಕಿ ಫಾತಿಮಾ ಶೇಖ್ ಇದ್ದರು; ಮೇರಿ ಆ್ಯನಿಂಗ್ ಹೊರತೆಗೆದ ಇಕ್ತಿಯೊಸಾರ್‌ನ (ಎಂದೋ ಅಳಿದುಹೋದ ಕಡಲ ಸರೀಸೃಪ) ತಲೆಬುರುಡೆಯನ್ನು 1811ರಲ್ಲಿ ಮೊದಲು ಕಂಡದ್ದು ಅಣ್ಣ ಜೋಸೆಫ್. ‘ಇವರಿಗೆ ಯಾರು ಜೊತೆಯಾದರು?’ ಎಂಬುದು ಪ್ರತಿ ಪುಸ್ತಕಕ್ಕೂ ಹೊಂದುವ ಪ್ರಶ್ನೆ.

ಹಂತ 6: ಓದಿದ ನಂತರ ಕೈಗೊಂದು ಕೆಲಸ

ಬಣ್ಣ ತುಂಬುವ ಭಾವಚಿತ್ರವನ್ನು ಕೊಟ್ಟು ಮುಗಿಸುವುದು ಸುಲಭ, ಆದರೆ ಅದರಿಂದ ಮಗುವಿಗೆ ಆ ವ್ಯಕ್ತಿಯ ಮೀಸೆಯ ಆಕಾರವಷ್ಟೇ ಗೊತ್ತಾಗುತ್ತದೆ. ಚಟುವಟಿಕೆ ಆ ವ್ಯಕ್ತಿಯ ಕೆಲಸದ ಒಂದು ಚೂರಾಗಿರಬೇಕು. ಬ್ರೈಲ್ ಓದಿದವರು ದಪ್ಪ ಕಾಗದದ ಮೇಲೆ ಅಂಟಿನ ಹನಿಗಳನ್ನು ಇಟ್ಟು ಒಣಗಿಸಿ ಕನ್ನಡ ಪದವನ್ನೇ ಬರೆಯಬಹುದು. ಬ್ರೈಲ್ ಲಿಪಿಯಲ್ಲಿ ಒಂದು ಅಕ್ಷರಕ್ಕೆ ಮೀಸಲಾದ ಆರು ಚುಕ್ಕಿಗಳ ಚೌಕಟ್ಟಿಗೆ ‘ಮನೆ’ ಎನ್ನೋಣ; ಅದರಲ್ಲಿ ಎಡಗಡೆ ಮೇಲಿನಿಂದ ಕೆಳಕ್ಕೆ 1, 2, 3, ಬಲಗಡೆ 4, 5, 6 ಎಂದು ಚುಕ್ಕಿಗಳಿಗೆ ಸಂಖ್ಯೆಯಿದೆ. ಭಾರತೀಯ ಭಾಷೆಗಳಿಗೆ ಬಳಸುವ ಭಾರತಿ ಬ್ರೈಲ್‌ನಲ್ಲಿ ‘ಕ’ ಎಂದರೆ 1 ಮತ್ತು 3, ‘ಮ’ ಎಂದರೆ 1, 3 ಮತ್ತು 4, ‘ಲ’ ಎಂದರೆ 1, 2 ಮತ್ತು 3. ಮೂರು ಮನೆಗಳಲ್ಲಿ ‘ಕಮಲ’ ಸಿದ್ಧ. ಕಣ್ಣು ಮುಚ್ಚಿ ಬೆರಳಾಡಿಸಿದಾಗ ‘ಕ’ ಮತ್ತು ‘ಲ’ಗಳ ನಡುವಿನ ಒಂದೇ ಚುಕ್ಕಿಯ ವ್ಯತ್ಯಾಸ ತಿಳಿಯುವುದು ಎಷ್ಟು ಕಷ್ಟ ಎಂಬುದು ಮಕ್ಕಳಿಗಿಂತ ಮೊದಲು ಹಿರಿಯರಿಗೇ ಅರಿವಾಗುತ್ತದೆ.

ಮೇರಿ ಆ್ಯನಿಂಗ್ ಓದಿದವರು ಹತ್ತು ಕಲ್ಲುಗಳನ್ನು ಭೂತಗನ್ನಡಿಯಿಂದ ನೋಡಿ ಕಂಡದ್ದನ್ನು ಬರೆದಿಡಬಹುದು. ವಂಗಾರಿ ಮಾತಾಯ್ 1977ರ ಜೂನ್ 5ರಂದು ಏಳು ಗಿಡ ನೆಟ್ಟು ಆರಂಭಿಸಿದವರು, 2004ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಪಡೆದವರು. ಅವರ ಬಗ್ಗೆ ಓದಿದವರಿಗೆ ಒಂದು ಬೀಜ, ಒಂದು ಕುಂಡ ಸಾಕು.

ಚಟುವಟಿಕೆಯ ಹೊತ್ತಿನಲ್ಲಿ ಕೆಟ್ಟುಹೋದದ್ದು, ಮತ್ತೆ ಮಾಡಬೇಕಾದದ್ದು ಏನಾದರೂ ಇದ್ದರೆ ಪುಸ್ತಕಕ್ಕೆ ಮರಳಲು ಅದೇ ಸರಿಯಾದ ಸಂದರ್ಭ. 2016ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಒಂಬತ್ತು-ಹತ್ತನೆಯ ತರಗತಿಯ ಕೆಲವು ವಿದ್ಯಾರ್ಥಿಗಳು ಐನ್‌ಸ್ಟೈನ್, ಮೇರಿ ಕ್ಯೂರಿ, ಫ್ಯಾರಡೆ ಪಟ್ಟ ಪಾಡುಗಳನ್ನು ಓದಿದರು, ಇನ್ನು ಕೆಲವರು ಅವರ ಸಾಧನೆಗಳನ್ನು ಮಾತ್ರ ಓದಿದರು. ಪಾಡುಗಳನ್ನು ಓದಿದವರ ವಿಜ್ಞಾನದ ಅಂಕಗಳು ಮೇಲಾದವು. ಅವರು ಹದಿಹರೆಯದವರು, ನಮ್ಮ ಮಕ್ಕಳು ಎಳೆಯರು. ಫಲಿತಾಂಶವನ್ನು ಹಾಗೆಯೇ ಇಳಿಸಿಕೊಳ್ಳಲಾಗದು. ಆದರೂ ಪುಸ್ತಕದಲ್ಲಿ ಸೋಲಿನ ಪುಟಗಳನ್ನು ಬೇಗ ಬೇಗ ದಾಟಿಸುವ ನಮ್ಮ ಅಭ್ಯಾಸವನ್ನು ಪ್ರಶ್ನಿಸಲು ಅಷ್ಟು ಸಾಕು.

ಹಂತ 7: ವಯಸ್ಸಿಗೆ ತಕ್ಕಂತೆ ಹೊಂದಿಸುವುದು

ಮೂರು-ನಾಲ್ಕು ವರ್ಷದವರಿಗೆ ಪಠ್ಯವನ್ನು ಬಿಟ್ಟು ಚಿತ್ರಗಳನ್ನು ಹಿಡಿದು ಐದಾರು ವಾಕ್ಯಗಳಲ್ಲಿ ಹೇಳಿದರೆ ಆಯಿತು. ಐದು-ಆರು ವರ್ಷದವರು ಪೂರ್ತಿ ಪುಸ್ತಕ ಕೇಳಬಲ್ಲರು, ಅದೂ ದಿನದಿನವೂ ಅದನ್ನೇ. ಏಳು-ಎಂಟು ವರ್ಷದವರಿಗೆ ಒಬ್ಬರದೇ ಬದುಕಿನ ಎರಡು ಪುಸ್ತಕಗಳನ್ನು ಕೊಟ್ಟು ‘ಇದರಲ್ಲಿ ಇದೆ, ಅದರಲ್ಲಿ ಯಾಕಿಲ್ಲ?’ ಎಂದು ಕೇಳಿದರೆ ಅವರು ಪತ್ತೇದಾರರ ಹುರುಪಿನಲ್ಲಿ ಪುಟ ತಿರುವುತ್ತಾರೆ. ತರಗತಿಯಲ್ಲಿ ಮೂವತ್ತು ಮಕ್ಕಳಿದ್ದಾಗ ಈ ಸಂವಾದ ನಡೆಯುವುದು ಕಷ್ಟ. ಒಮ್ಮೆ ಎಲ್ಲರಿಗೂ ಓದಿ, ನಂತರ ಐದಾರು ಮಕ್ಕಳ ಗುಂಪುಗಳಲ್ಲಿ ಅದೇ ಪುಸ್ತಕವನ್ನು ಮತ್ತೆ ತೆರೆಯುವುದು ಮೇಲು.

ಮುಂದಿನ ವ್ಯಕ್ತಿಯನ್ನು ಆರಿಸಲು ಮಗುವಿನ ಪ್ರಶ್ನೆಗಳನ್ನೇ ಆಧಾರವಾಗಿಟ್ಟುಕೊಳ್ಳಬೇಕು. ಬ್ರೈಲ್ ಓದಿದ ಮಗು ‘ಕಣ್ಣೂ ಕಾಣದೆ ಕಿವಿಯೂ ಕೇಳದೆ ಇದ್ದರೆ?’ ಎಂದು ಕೇಳಿದರೆ ಮುಂದಿನ ಪುಸ್ತಕ ಹೆಲೆನ್ ಕೆಲರ್ ಅವರದು, ಅದರೊಳಗೆ ತಾವೂ ದೃಷ್ಟಿದೋಷದಿಂದ ಬಳಲಿದ ಶಿಕ್ಷಕಿ ಆ್ಯನ್ ಸಲಿವನ್ ಇದ್ದಾರೆ. ‘ಚುಕ್ಕಿ ಬದಲು ಬೇರೆ ಏನಾದರೂ ಇದೆಯಾ?’ ಎಂದು ಕೇಳಿದರೆ ತಂತಿ ಸಂದೇಶದ ಸ್ಯಾಮ್ಯುಯೆಲ್ ಮೋರ್ಸ್ ಕಡೆಗೆ ಹೊರಳಬಹುದು. ಏನೂ ಕೇಳದೆ ಪುಸ್ತಕವನ್ನು ಸರಿಸಿ ಎದ್ದುಹೋದರೆ ಅದನ್ನು ಮಗುವಿನ ಕೈಗೆಟಕುವ ಕಪಾಟಿನಲ್ಲಿಟ್ಟು, ಒಂದೆರಡು ತಿಂಗಳ ನಂತರ ಬೇರೊಂದು ಪುಟದಿಂದ ಮತ್ತೆ ಆರಂಭಿಸಬಹುದು.